ಹಿತ್ತಲ ದೊಡ್ಡಪತ್ರೆ: ಮನೆಗೆಷ್ಟು, ಕೊಟ್ಟಿಗೆಗೆಷ್ಟು
(ಸೂರಗೊಂಡನಕೊಪ್ಪದಲ್ಲಿ ಹಾಲು ಉತ್ಪಾದಕ ಸದಸ್ಯರ ಮುಂದೆ ಮಾಡಿದ ಭಾಷಣ)



ಹಸಿರು ಮೇವು, ಹಿಂಡಿ, ಕೃತಕ ಗರ್ಭಧಾರಣೆ ಇವುಗಳ ಬಗ್ಗೆ ತಾವು ಈಗಾಗಲೇ ಸಾಕಷ್ಟು ಕೇಳಿದ್ದೀರಿ. ಈ ದಿನ ನಾನು ಹೇಳಹೊರಟಿರುವುದು ಕಾಸು ಖರ್ಚಿಲ್ಲದೆ ಬೆಳೆಯುವ ಒಂದು ಗಿಡದ ವಿಷಯ. ಅದು ದೊಡ್ಡಪತ್ರೆ. ಕೆಲವು ಕಡೆ ಸಾಂಬ್ರಾಣಿ ಎಂದೂ, ಕೆಲವು ಕಡೆ ಸಂಬಾರಬಳ್ಳಿ ಎಂದೂ ಕರೆಯುತ್ತಾರೆ.

ಇದು ಸಂತ ಸೇವಾಲಾಲರು 1739ರಲ್ಲಿ ಜನಿಸಿದ ಊರು. ಬಂಜಾರರು ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ನಾಡಿನಿಂದ ನಾಡಿಗೆ ನಡೆದವರು. ದನಕ್ಕೆ ದಾರಿಯಲ್ಲಿ ಕಾಯಿಲೆಯಾದರೆ ಯಾವ ಆಸ್ಪತ್ರೆ ಇತ್ತು? ಸೊಪ್ಪುಸದೆಯ ಗುಣ ಗೊತ್ತಿಲ್ಲದೆ ಆ ಬದುಕು ನಡೆಯುತ್ತಿರಲಿಲ್ಲ. ಇಂಥ ಊರಿನಲ್ಲಿ ನಿಂತು ಸೊಪ್ಪಿನ ಮಾತು ಆಡುವುದು ನನಗೆ ಸ್ವಲ್ಪ ಸಂಕೋಚವೇ.

ದೊಡ್ಡಪತ್ರೆ ನಮ್ಮ ತುಳಸಿ, ಪುದೀನ, ಕಾಮಕಸ್ತೂರಿ, ತುಂಬೆಗಳ ಕುಟುಂಬಕ್ಕೆ ಸೇರಿದ ಗಿಡ. ಯುರೋಪಿನವರ ಹಿತ್ತಲಲ್ಲಿ ಇದೇ ಕುಟುಂಬದ ಹಿಸಾಪ್ ಎಂಬ ಗಿಡವಿದೆ. ಯುನಾನಿ ವೈದ್ಯರು ಅದನ್ನು ಜೂಫಾ ಎಂದು ಕರೆದು ಕೆಮ್ಮಿನ ಔಷಧಕ್ಕೆ ಬಳಸುತ್ತಾರೆ. ಅದರ ಎಲೆಯ ಕಷಾಯ ಸೌಮ್ಯವಾದದ್ದು. ಆದರೆ ಅದೇ ಗಿಡದಿಂದ ಇಳಿಸಿದ ಎಣ್ಣೆ ಹೊಟ್ಟೆಗೆ ಹೋದರೆ ಫಿಟ್ಸ್ ಬರುವ ಅಪಾಯವಿದೆ. ನಮ್ಮ ದೊಡ್ಡಪತ್ರೆಯ ಘಾಟಿಗೂ ಅದರಲ್ಲಿರುವ ಎಣ್ಣೆಯೇ ಕಾರಣ. ಓಮದಲ್ಲಿರುವ ಥೈಮಾಲ್ ಎಂಬ ಅಂಶ ಇದರಲ್ಲೂ ಇದೆ. ಆದ್ದರಿಂದಲೇ ಎಲೆ ಮುರಿದರೆ ಓಮದ ವಾಸನೆ. ಎಲೆ ಬಳಸಿ, ಅಂಗಡಿಯಲ್ಲಿ ಎಣ್ಣೆಯ ಸೀಸೆ ಸಿಕ್ಕಿತೆಂದು ಕುಡಿಯಲು ಹೋಗಬೇಡಿ.

ಬೆಳೆಸುವುದು ಸುಲಭ. ಬೀಜ ಹುಡುಕಬೇಕಾಗಿಲ್ಲ. ಬಲಿತ ಗಿಡದಿಂದ ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ ಇರುವ ಕಡ್ಡಿ ಮುರಿದು, ಕೆಳಗಿನ ಎಲೆ ತೆಗೆದು ನೆಡಿ. ಎರಡು ಮೂರು ವಾರದಲ್ಲಿ ಬೇರು ಹಿಡಿಯುತ್ತದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಜಾಗ ಒಳ್ಳೆಯದು. ನೀರು ನಿಂತರೆ ಮಾತ್ರ ಬುಡ ಕೊಳೆಯುತ್ತದೆ. ನಮ್ಮವರಲ್ಲಿ ಒಂದು ಅಭ್ಯಾಸವಿದೆ: ಕೊಟ್ಟಿಗೆಯ ಗಂಜಲ ಹರಿದು ಬರುವ ಕಡೆಯೇ ಎಲ್ಲ ಗಿಡ ಹಾಕುವುದು. ಬಾಳೆಗೆ ಅದು ಸರಿ, ಇದಕ್ಕೆ ಸಲ್ಲ. ಹಸಿ ಸಗಣಿಯೂ ಬೇಡ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಬೊಗಸೆ ಸಾಕು. ಹಿತ್ತಲು ಇಲ್ಲದವರು ಒಡೆದ ಬಕೀಟಿಗೆ ತಳದಲ್ಲಿ ತೂತು ಮಾಡಿ ನೆಡಬಹುದು.

ಇನ್ನು ಅಡಿಗೆ. ಹಾಲು ಮಾರುವ ಮನೆಯಲ್ಲಿ ಮಜ್ಜಿಗೆಗೇ ಬರ ಬಂದಿರುತ್ತದೆ ಎಂಬುದು ನನಗೆ ಗೊತ್ತು. ಎಲ್ಲವನ್ನೂ ಡೈರಿಗೆ ಹಾಕಿ ಮಕ್ಕಳಿಗೆ ಬರೀ ಟೀ ಕೊಡುವ ಮನೆಗಳೂ ಇವೆ. ಅರ್ಧ ಲೀಟರಾದರೂ ಮನೆಗೆ ಉಳಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಹತ್ತು ಹನ್ನೆರಡು ಎಲೆಗಳನ್ನು ತುಪ್ಪದಲ್ಲಿ ಜೀರಿಗೆ, ಮೆಣಸಿನಕಾಳಿನೊಂದಿಗೆ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಬೆರೆಸಿ ಉಪ್ಪು, ಒಗ್ಗರಣೆ ಹಾಕಿದರೆ ತಂಬುಳಿ ಆಯಿತು. ಇದನ್ನು ಕುದಿಸಬಾರದು. ಮಕ್ಕಳಿಗೆ ಬಜ್ಜಿಯೇ ಇಷ್ಟ, ಅದನ್ನು ತಾಯಂದಿರಿಗೆ ನಾನು ಕಲಿಸಬೇಕಾಗಿಲ್ಲ.

ನೆಗಡಿ, ಕೆಮ್ಮಿಗೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಹಿಂಡಿದ ರಸಕ್ಕೆ ಜೇನು ಸೇರಿಸಿ ಕೊಡುವುದು ಹಳೆಯ ಪದ್ಧತಿ. ದೊಡ್ಡವರಿಗೆ ಗಂಟಲು ಹಗುರವಾಗುತ್ತದೆ. ಆದರೆ ವರ್ಷ ತುಂಬದ ಕೂಸಿಗೆ ಜೇನುತುಪ್ಪ ಕೂಡದು. ಅದರಿಂದ ಕೂಸಿನ ನರಗಳಿಗೆ ವಿಷವೇರುವ ಕಾಯಿಲೆ ಬರಬಹುದು. ಕೂಸಿಗೆ ಈ ರಸವನ್ನೂ ಕುಡಿಸಬೇಡಿ, ಆಸ್ಪತ್ರೆಗೆ ತೋರಿಸಿ. ದೊಡ್ಡವರ ಕೆಮ್ಮು ಎರಡು ವಾರ ದಾಟಿದರೆ ಎಲೆ ಹಿಂಡುತ್ತ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯವಾಗಿದ್ದರೆ ಔಷಧವೂ ಉಚಿತ. ತಡಮಾಡಿದಷ್ಟೂ ಮನೆಮಂದಿಗೆಲ್ಲ ಅಂಟುತ್ತದೆ.

ಈಗ ಕೊಟ್ಟಿಗೆಗೆ ಬರೋಣ. ದೊಡ್ಡಪತ್ರೆ ಹಸುವಿಗೂ ಒಳ್ಳೆಯದಲ್ಲವೇ ಎಂದು ಹಲವರು ಕೇಳುತ್ತಾರೆ. ಇದನ್ನು ಮೇವೆಂದು ತಿಳಿಯಬೇಡಿ. ಘಾಟಿನ ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ ಇವುಗಳನ್ನು ಕರೆಯುವ ಮುಂಚೆ ಹಸು ತಿಂದರೆ ವಾಸನೆ ಹಾಲಿಗೆ ಇಳಿಯುತ್ತದೆ. ಫ್ಯಾಟು ಎಷ್ಟೇ ಬರಲಿ, ಡೈರಿಯಲ್ಲಿ ಮೂಸಿ ನೋಡಿದಾಗ ಹಾಲು ವಾಪಸಾದರೆ ನಷ್ಟ ನಿಮ್ಮದೇ. ಗಿಡ ಸವರಿದ ಕಸವನ್ನು ಗೋದಲಿಗೆ ಹಾಕದೆ ತಿಪ್ಪೆಗೆ ಹಾಕಿ.

ಕೊಟ್ಟಿಗೆಗೆಂದು ಪಕ್ಕದಲ್ಲೇ ಲೋಳೆಸರ ನೆಡಿ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರು ಕೆಚ್ಚಲು ಬಾವಿಗೆ ಹೇಳುತ್ತಿರುವ ಲೇಪ ಹೀಗಿದೆ: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಮೂರನ್ನೂ ರುಬ್ಬಿದರೆ ಕೆಂಪಗಾಗುತ್ತದೆ. ಕೆಚ್ಚಲಿನ ಹಾಲನ್ನೆಲ್ಲ ಹಿಂಡಿ ತೆಗೆದು, ತೊಳೆದು, ಒಂದು ಹಿಡಿ ಲೇಪವನ್ನು ನೀರಿನಲ್ಲಿ ತೆಳುಮಾಡಿ ಇಡೀ ಕೆಚ್ಚಲಿಗೆ ಹಚ್ಚಬೇಕು. ದಿನಕ್ಕೆ ಹತ್ತು ಸಲ, ಐದು ದಿನ. ಎರಡು ಸಲ ಹಚ್ಚಿ ಗುಣವಾಗಲಿಲ್ಲ ಎನ್ನುವವರೇ ಹೆಚ್ಚು!

ಹಾಲು ಒಡೆದು ಬರಲು ಶುರುವಾದಾಗಲೇ ಇದನ್ನು ಮಾಡಿ. ಹಸು ಮೇವು ಬಿಟ್ಟಿದ್ದರೆ, ಮೈ ಸುಡುತ್ತಿದ್ದರೆ, ಹಾಲಿನಲ್ಲಿ ರಕ್ತ ಕಂಡರೆ ಆ ದಿನವೇ ವೈದ್ಯರನ್ನು ಕರೆಸಿ. 1962ಕ್ಕೆ ಫೋನ್ ಮಾಡಬಹುದು. ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲನ್ನು ಅವರು ಹೇಳಿದಷ್ಟು ದಿನ ಡೈರಿಗೆ ಹಾಕಬೇಡಿ. ನಿಮ್ಮ ಎರಡು ಲೀಟರು ಇಡೀ ಊರಿನ ಹಾಲಿನೊಂದಿಗೆ ಬೆರೆಯುತ್ತದೆ. ಆ ಔಷಧದ ಅಂಶವಿದ್ದರೆ ಹಾಲು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಕುಡಿಯುವ ಮಕ್ಕಳಿಗೂ ಒಳ್ಳೆಯದಲ್ಲ.

ದೊಡ್ಡಪತ್ರೆಯ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಆ ಮೂಲೆಯಲ್ಲಿ ಇಟ್ಟಿದ್ದೇನೆ. ಮನೆಗೆ ಎರಡರಂತೆ ತೆಗೆದುಕೊಂಡು ಹೋಗಿ.