ರಸ್ತೆಯಲ್ಲಿ ಮುಗಿಸಿದ ಲೆಕ್ಕ ಮುಗಿಯಿತೇ?

(ಏಕಸಂಬಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 



ಹೋದ ತಿಂಗಳು ಇಶಾ ನಮಾಝ್ ಮುಗಿದ ಮೇಲೆ ನಮ್ಮ ಜಮಾಅತಿನ ಒಬ್ಬ ಸಹೋದರರು ನನ್ನ ಬಳಿ ಬಂದು ಕುಳಿತರು. ಅಂದು ಸಂಜೆ ಬಸ್ ನಿಲ್ದಾಣದ ಹತ್ತಿರ ಕಾರನ್ನು ಹಿಂದಕ್ಕೆ ತೆಗೆಯುವಾಗ ಹಾಲು ಹಾಕಲು ಹೊರಟವನೊಬ್ಬನ ಬೈಕಿಗೆ ಅವರ ಕಾರು ತಗುಲಿತ್ತು. ಬೈಕು ಬಿತ್ತು, ಕ್ಯಾನಿನ ಹಾಲು ಚೆಲ್ಲಿತು. ದೇವರ ದಯೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ಇವರು ಐದು ನೂರು ರೂಪಾಯಿ ಕೊಟ್ಟರು. ಆತ ತೆಗೆದುಕೊಂಡ, ಬೈಕು ಎತ್ತಿಕೊಂಡು ಹೋದ. ಇಬ್ಬರೂ ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಲಿಲ್ಲ. ಫೋನ್ ನಂಬರ್ ಇಲ್ಲ, ವಿಮೆಯ ಮಾತಂತೂ ಇಲ್ಲವೇ ಇಲ್ಲ.

"ಮೌಲಾನಾ, ರೊಕ್ಕ ಕೊಟ್ಟೀನಿ, ಆತನೂ ತಗೊಂಡು ಹೋದ. ಆದರೂ ಮನಸ್ಸಿಗೆ ಸಮಾಧಾನ ಇಲ್ರಿ. ಇದು ಮುಗೀತೋ, ಇಲ್ಲೋ?" ಎಂದು ಅವರು ಕೇಳಿದರು.

ಇದು ಅವರೊಬ್ಬರ ಪ್ರಶ್ನೆಯಲ್ಲ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಭಾಗದಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ. ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ಕಿರಿದಾದ ರಸ್ತೆಗಳ ಮೇಲೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು, ಎತ್ತಿನ ಗಾಡಿ, ಬೈಕು, ಕಾರು ಎಲ್ಲವೂ ಒಟ್ಟಿಗೆ ಸಾಗುತ್ತವೆ. ಕೆಎ 23 ನಂಬರಿನ ಪಕ್ಕದಲ್ಲೇ ಕೊಲ್ಹಾಪುರದ ಎಂಎಚ್ 09 ಇರುತ್ತದೆ. ಸಣ್ಣಪುಟ್ಟ ತಾಗಾಟ ಆಗುತ್ತಲೇ ಇರುತ್ತದೆ. ಹೆಚ್ಚಿನವು ರಸ್ತೆಯಲ್ಲೇ, ಕೈಯಲ್ಲಿ ಕೈಯಿಟ್ಟು ಮುಗಿಯುತ್ತವೆ.

ಹಾಗೆ ಮುಗಿಸುವುದು ತಪ್ಪೇ? ಮೂಲತಃ ತಪ್ಪಲ್ಲ. ಜನರ ನಡುವೆ ರಾಜಿ ಮಾಡುವುದನ್ನು ಇಸ್ಲಾಮ್ ಮೆಚ್ಚುತ್ತದೆ. ಜನರು ವಿಮೆಯ ದಾರಿ ಬಿಡುವುದಕ್ಕೆ ಕಾರಣಗಳೂ ಇವೆ. ಬಹಳ ಮಂದಿಯ ಬಳಿ ಇರುವುದು ಕೇವಲ ಥರ್ಡ್ ಪಾರ್ಟಿ ವಿಮೆ. ಅದು ಎದುರಿನವನಿಗೆ ಆದ ಹಾನಿಗೆ ಇರುವುದು, ನಮ್ಮ ಗಾಡಿಯ ದುರಸ್ತಿಗಲ್ಲ. ಪೂರ್ತಿ ವಿಮೆ ಇದ್ದವರೂ ಸಣ್ಣ ಖರ್ಚಿಗೆ ಕ್ಲೇಮು ಮಾಡಲು ಹಿಂಜರಿಯುತ್ತಾರೆ. ಕ್ಲೇಮು ಮಾಡದ ಮೊದಲ ವರ್ಷಕ್ಕೆ ಶೇ. 20ರಿಂದ ಆರಂಭವಾಗಿ ಶೇ. 50ರವರೆಗೆ ಏರುವ ಬೋನಸ್ ಒಂದೇ ಕ್ಲೇಮಿನಿಂದ ಹೋಗಿಬಿಡುತ್ತದೆ. ಎರಡು ಸಾವಿರದ ಕೆಲಸಕ್ಕೆ ಆ ಬೋನಸ್ ಕಳೆದುಕೊಳ್ಳುವುದು ಯಾರಿಗೂ ಬೇಡ. ಇದು ಲೆಕ್ಕದ ಮಾತು, ಇದರಲ್ಲಿ ಪಾಪವಿಲ್ಲ.

ಆದರೆ ವಿಮೆಯನ್ನು ಬಿಟ್ಟ ಕೂಡಲೇ ಹೊಣೆಯೂ ಬಿಟ್ಟುಹೋಯಿತು ಎಂದು ತಿಳಿಯುವುದು ತಪ್ಪು. ಅಲ್ಲೇ ನಾವು ಎಡವುತ್ತೇವೆ.

ಸಹೋದರರೇ, ನಮ್ಮ ಕೈಯಿಂದ ಇನ್ನೊಬ್ಬರ ವಸ್ತುವಿಗೆ ಹಾನಿಯಾದರೆ "ನಾನು ಬೇಕಂತ ಮಾಡಲಿಲ್ಲ" ಎನ್ನುತ್ತೇವೆ. ಬೇಕಂತ ಮಾಡದಿದ್ದರೆ ಪಾಪ ಇರಲಿಕ್ಕಿಲ್ಲ. ಆದರೆ ಪರಿಹಾರದ ಹೊಣೆ ಉಳಿಯುತ್ತದೆ. ಧರ್ಮಶಾಸ್ತ್ರ ಪಂಡಿತರು ಇದನ್ನು 'ಝಮಾನ್' ಎಂದು ಕರೆದಿದ್ದಾರೆ. ಅಲ್ಲಾಹನು ಕ್ಷಮಿಸುವುದು ಅವನ ಹಕ್ಕನ್ನು. ದಾಸನ ಹಕ್ಕನ್ನು ಆ ದಾಸನೇ ಬಿಟ್ಟುಕೊಡಬೇಕು.

ಪ್ರವಾದಿ(ಸ)ರ ಮನೆಯಲ್ಲಿ ನಡೆದ ಒಂದು ಘಟನೆಯನ್ನು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ; ಸಹೀಹ್ ಬುಖಾರಿಯಲ್ಲಿದೆ. ಪ್ರವಾದಿ(ಸ)ರು ಒಬ್ಬ ಪತ್ನಿಯ ಮನೆಯಲ್ಲಿದ್ದಾಗ ಇನ್ನೊಬ್ಬ ಪತ್ನಿ ಒಂದು ಪಾತ್ರೆಯಲ್ಲಿ ಆಹಾರ ಕಳುಹಿಸಿದರು. ಆ ಮನೆಯವರು ತಂದವರ ಕೈಗೆ ತಟ್ಟಿದಾಗ ಪಾತ್ರೆ ಬಿದ್ದು ಒಡೆಯಿತು. ಪ್ರವಾದಿ(ಸ)ರು ಕೂಗಾಡಲಿಲ್ಲ. ತಾವೇ ಚೂರುಗಳನ್ನು ಆಯ್ದರು, ಚೆಲ್ಲಿದ ಆಹಾರವನ್ನು ಒಟ್ಟುಮಾಡಿದರು. ಆದರೆ ಮಾತು ಅಲ್ಲಿಗೇ ಬಿಡಲಿಲ್ಲ. ತಂದವರನ್ನು ನಿಲ್ಲಿಸಿ, ಒಡೆದ ಮನೆಯಿಂದ ಒಂದು ಗಟ್ಟಿ ಪಾತ್ರೆ ತರಿಸಿ ಕೊಟ್ಟು ಕಳುಹಿಸಿದರು. ಒಡೆದದ್ದು ಒಡೆದವರ ಮನೆಯಲ್ಲೇ ಉಳಿಯಿತು. ಒಂದು ಸಣ್ಣ ಪಾತ್ರೆ! ಅದೂ ಒಂದೇ ಕುಟುಂಬದೊಳಗೆ! ಆದರೂ ಪಾತ್ರೆಗೆ ಪಾತ್ರೆ ಕೊಟ್ಟಾಗಲೇ ಲೆಕ್ಕ ಮುಗಿದದ್ದು.

ಸೂರಃ ಅಲ್‌ಅಂಬಿಯಾದಲ್ಲಿ ಪ್ರವಾದಿ ದಾವೂದ್(ಅ) ಮತ್ತು ಅವರ ಪುತ್ರ ಸುಲೈಮಾನ್(ಅ)ರ ಮುಂದೆ ಬಂದ ಒಂದು ನ್ಯಾಯದ ಪ್ರಸ್ತಾಪವಿದೆ. ರಾತ್ರಿ ಯಾರದೋ ಕುರಿಗಳು ಇನ್ನೊಬ್ಬರ ಹೊಲಕ್ಕೆ ನುಗ್ಗಿ ಬೆಳೆ ಮೇಯ್ದವು. ಹಾನಿಗೆ ಬದಲಾಗಿ ಕುರಿಗಳನ್ನೇ ಹೊಲದವನಿಗೆ ಕೊಡಬೇಕೆಂದು ದಾವೂದ್(ಅ)ರು ಹೇಳಿದ್ದರೆಂದೂ, ಸುಲೈಮಾನ್(ಅ)ರು ಬೇರೊಂದು ದಾರಿ ತೋರಿಸಿದರೆಂದೂ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಕುರಿಯವನು ಹೊಲವನ್ನು ಮೊದಲಿನಂತೆ ಬೆಳೆಸಿ ಕೊಡಲಿ, ಅಲ್ಲಿಯವರೆಗೆ ಕುರಿಗಳ ಹಾಲು, ಉಣ್ಣೆಯ ಲಾಭ ಹೊಲದವನಿಗಿರಲಿ ಎಂಬುದು ಆ ದಾರಿ. ರೈತರಾದ ನಿಮಗೆ ಇದರ ನ್ಯಾಯ ಬೇಗ ತಿಳಿಯುತ್ತದೆ. ಹಾನಿಯಾದವನು ಮೊದಲಿದ್ದ ಸ್ಥಿತಿಗೆ ಮರಳಬೇಕು, ನಡುವಿನ ದಿನಗಳ ನಷ್ಟವೂ ತುಂಬಬೇಕು, ಹಾನಿ ಮಾಡಿದವನು ನಿರ್ಗತಿಕನೂ ಆಗಬಾರದು.

ಈಗ ನಮ್ಮ ಹಾಲಿನವನ ಕಡೆ ನೋಡೋಣ. ಐದು ನೂರು ಎಂಬ ಮೊತ್ತ ಎಲ್ಲಿಂದ ಬಂತು? ಜೇಬಿನಲ್ಲಿದ್ದ ನೋಟಿನಿಂದ ಬಂತು, ಹಾನಿಯ ಅಳತೆಯಿಂದಲ್ಲ. ಚೆಲ್ಲಿದ ಹಾಲೆಷ್ಟು ಎಂದು ಕೇಳಿದವರಿಲ್ಲ. ಬೈಕಿನ ಫೋರ್ಕ್ ಬಾಗಿದೆಯೇ ಎಂದು ನೋಡಿದವರಿಲ್ಲ. ಅದು ಗೊತ್ತಾಗುವುದು ಮರುದಿನ, ಮೆಕ್ಯಾನಿಕ್ ನೋಡಿದ ಮೇಲೆ. ಆಗ ಆತ ಯಾರನ್ನು ಹುಡುಕಬೇಕು?

ಆದ್ದರಿಂದ ಮೊದಲ ಮಾತು ಇದು. ವಿಮೆಯ ವಿವರ ಕೊಡದೆಯೂ ರಾಜಿಯಾಗಬಹುದು. ಆದರೆ ಹೆಸರು ಮತ್ತು ನಂಬರ್ ಕೊಡದೆ ಹೋಗಬಾರದು. ವಿಳಾಸ ಕೊಡದೆ ಹಣ ಕೊಡುವುದು ಎಷ್ಟೋ ಸಲ ಪರಿಹಾರವಲ್ಲ, ತಪ್ಪಿಸಿಕೊಳ್ಳುವ ಉಪಾಯ. ನಿಂತ ಗಾಡಿಗೆ ತಗುಲಿಸಿ, ಮಾಲೀಕ ಇಲ್ಲವೆಂದು ಅತ್ತಿತ್ತ ನೋಡಿ ಹೊರಟುಹೋಗುವುದಂತೂ ಸ್ಪಷ್ಟ ಅನ್ಯಾಯ. ಒಂದು ಚೀಟಿಯಲ್ಲಿ ನಂಬರ್ ಬರೆದು ವೈಪರ್ ಕೆಳಗೆ ಇಡಲು, ಪಕ್ಕದ ಅಂಗಡಿಯವನಿಗೆ ಹೇಳಿ ಹೋಗಲು ಎರಡು ನಿಮಿಷ ಸಾಕು.

ಎರಡನೆಯ ಮಾತು ಒಪ್ಪಿಗೆಯದು. ಪರಸ್ಪರ ಒಪ್ಪಿಗೆಯಿಲ್ಲದೆ ಒಬ್ಬರ ಸಂಪತ್ತನ್ನು ಇನ್ನೊಬ್ಬರು ಅನ್ಯಾಯವಾಗಿ ತಿನ್ನಬಾರದೆಂದು ಸೂರಃ ಅನ್ನಿಸಾ (29) ಎಚ್ಚರಿಸುತ್ತದೆ. ಹಿಂದೆ ಹಾರ್ನ್, ಸುತ್ತ ಮಂದಿ, ಎದುರಿಗೆ ದೊಡ್ಡ ಕಾರಿನವನು. ಇಂಥಲ್ಲಿ ಬಡವ "ಹೂಂ" ಅಂದರೆ ಅದು ಮನಸ್ಸಿನ ಒಪ್ಪಿಗೆಯೇ? ಇದರ ತಿರುಗುಮುರುಗೂ ನಡೆಯುತ್ತದೆ. ಕಾರಿನವನು ಪರಊರಿನವನು ಎಂದು ತಿಳಿದ ಕೂಡಲೇ ನಮ್ಮ ಓಣಿಯ ಹತ್ತು ಹುಡುಗರು ಸೇರುತ್ತಾರೆ, ಐದು ನೂರರ ಇಂಡಿಕೇಟರಿಗೆ ಐದು ಸಾವಿರ ಕೇಳುತ್ತಾರೆ, ಗಾಡಿಯ ಕೀಲಿ ಕಿತ್ತುಕೊಳ್ಳುತ್ತಾರೆ. ಆತ ಹೆದರಿ ಕೊಟ್ಟು ಹೋಗುತ್ತಾನೆ. ಆ ಹಣ ಹಲಾಲ್ ಆಯಿತೇ? ಹೆದರಿಸಿ ಪಡೆದದ್ದು ಹಲಾಲ್ ಆಗುವುದಿಲ್ಲ. ಅದರಲ್ಲಿ ಚಹಾ ಕುಡಿದವರೂ ಪಾಲುದಾರರೇ.

ಇಲ್ಲಿ ಇನ್ನೊಂದನ್ನು ಬಿಚ್ಚಿ ಹೇಳಬೇಕು. ಎದುರಿನವನು ನಮ್ಮವನೋ ಬೇರೆ ಸಮುದಾಯದವನೋ, ಕನ್ನಡದವನೋ ಮರಾಠಿಯವನೋ ಎಂದು ನೋಡಿ ನ್ಯಾಯ ಬದಲಾಗಬಾರದು. ಸ್ವತಃ ನಮ್ಮ ವಿರುದ್ಧ, ನಮ್ಮ ಹೆತ್ತವರ ವಿರುದ್ಧವಾದರೂ ಸರಿ, ಸತ್ಯದ ಸಾಕ್ಷಿ ಹೇಳಬೇಕೆಂಬುದು ಕುರ್‌ಆನಿನ ಆದೇಶ (ಅನ್ನಿಸಾ: 135). ಒಂದು ಜನಾಂಗದ ಮೇಲಿನ ದ್ವೇಷವೂ ನಮ್ಮನ್ನು ನ್ಯಾಯದಿಂದ ಸರಿಸಬಾರದು (ಅಲ್‌ಮಾಇದಃ: 8). ಒಂದು ಬಂಪರ್ ಗೀಚಿದ ಜಗಳ ಎರಡು ಓಣಿಗಳ ಜಗಳವಾಗಲು ಒಂದು ಕೆಟ್ಟ ಮಾತು ಸಾಕು. ಆ ಮಾತು ನಮ್ಮ ಬಾಯಿಂದ ಬರದಿರಲಿ. ಗುಂಪಿನಲ್ಲಿ ನಿಂತ ಹಿರಿಯರು "ತಪ್ಪು ನಮ್ಮ ಹುಡುಗಂದೇ ಐತಿ" ಎಂದು ಹೇಳುವ ಧೈರ್ಯ ತೋರಿಸಲಿ.

ಹಾನಿಯಾದವನು ಸಿಟ್ಟಿನಿಂದ ನಾಲ್ಕು ಮಾತು ಆಡಿದರೆ ಸಹಿಸಿಕೊಳ್ಳಿ. ಕೊಟ್ಟಿದ್ದ ಒಂಟೆಯನ್ನು ಮರಳಿ ಕೇಳಲು ಬಂದವನೊಬ್ಬ ಪ್ರವಾದಿ(ಸ)ರೊಡನೆ ಒರಟಾಗಿ ಮಾತಾಡಿದ. ಸಂಗಾತಿಗಳು ಅವನ ಮೇಲೆ ಏರಿಹೋಗಲು ನೋಡಿದಾಗ ಪ್ರವಾದಿ(ಸ)ರು ತಡೆದರು. ಹಕ್ಕುಳ್ಳವನಿಗೆ ಮಾತಾಡುವ ಅಧಿಕಾರವೂ ಇದೆ ಎಂದರು. ಬಳಿಕ ಅವನ ಒಂಟೆಗಿಂತ ಉತ್ತಮವಾದುದನ್ನೇ ಕೊಡಿಸಿದರು.

ಮೂರನೆಯದು ಬರಹ. ಸೂರಃ ಅಲ್‌ಬಕರಃದ 282ನೇ ವಚನ ಕುರ್‌ಆನಿನ ಅತ್ಯಂತ ದೀರ್ಘ ವಚನ. ಅದು ಮಾತಾಡುವುದು ಸಾಲವನ್ನು ಬರೆದಿಡುವ, ಸಾಕ್ಷಿ ಇಡುವ ವಿಷಯವನ್ನು. ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರ ಪಡಬೇಡಿ ಎಂಬುದು ಅದರ ಬೋಧನೆ. ಇಂದು ನಮ್ಮ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಎರಡೂ ಗಾಡಿಗಳ ನಂಬರ್ ಕಾಣುವಂತೆ, ಹಾನಿ ಕಾಣುವಂತೆ ಫೋಟೋ ತೆಗೆಯಿರಿ. ತಾರೀಕು, ಜಾಗ, ಇಬ್ಬರ ಹೆಸರು, ಕೊಟ್ಟ ಮೊತ್ತ ಬರೆದು ಒಂದು ಸಂದೇಶ ಕಳುಹಿಸಿ. ದುರಸ್ತಿಯ ಖರ್ಚು ಹೆಚ್ಚಾದರೆ ಬಿಲ್ ತೋರಿಸಿ ಪಡೆಯಬಹುದೋ, ಅಥವಾ ಇಷ್ಟಕ್ಕೇ ಪೂರ್ತಿ ಮುಗಿಯಿತೋ ಎಂಬುದನ್ನು ಅದರಲ್ಲೇ ಸ್ಪಷ್ಟ ಮಾಡಿ. ಹಣ ಕೈಯಲ್ಲಿ ಕೊಡುವುದಕ್ಕಿಂತ ಫೋನ್‌ಪೇ ಮೂಲಕ ಕೊಟ್ಟರೆ ಗುರುತು ಉಳಿಯುತ್ತದೆ. ಇದು ಅಪನಂಬಿಕೆಯಲ್ಲ. ಇಬ್ಬರನ್ನೂ ಮುಂದಿನ ಜಗಳದಿಂದ ಕಾಪಾಡುವ ಬೇಲಿ.

ಇನ್ನು ರಸ್ತೆಯಲ್ಲಿ ಮುಗಿಸಲೇಬಾರದ ಸಂದರ್ಭಗಳಿವೆ. ಯಾರಿಗಾದರೂ ಪೆಟ್ಟಾಗಿದ್ದರೆ, ಅದರಲ್ಲೂ ತಲೆಗೆ ಪೆಟ್ಟಾಗಿದ್ದರೆ, ಮಗು, ಮುದುಕರು, ಗರ್ಭಿಣಿ ಬಿದ್ದಿದ್ದರೆ "ಏನೂ ಆಗಿಲ್ಲ" ಎಂಬ ಮಾತನ್ನು ನಂಬಿ ಹಣ ಕೊಟ್ಟು ಕಳುಹಿಸಬೇಡಿ. ಒಳಪೆಟ್ಟು ಮರುದಿನ ಕಾಣಿಸಬಹುದು. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ, 112ಕ್ಕೆ ತಿಳಿಸಿ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರು ಸ್ಥಳದಲ್ಲಿಲ್ಲದಿದ್ದರೆ 24 ಗಂಟೆಗಳೊಳಗೆ ಠಾಣೆಗೆ ತಿಳಿಸುವುದು, ವಿಮಾ ಕಂಪನಿಗೆ ಬರೆದು ತಿಳಿಸುವುದು ಚಾಲಕನ ಕರ್ತವ್ಯ. ಇತರರ ಸ್ವತ್ತಿಗೆ ಹಾನಿಯಾದಾಗಲೂ ಆ ಕಲಮು ಅನ್ವಯಿಸುತ್ತದೆ. ಸಣ್ಣ ಗೀಚಿಗೆ ಠಾಣೆಗೆ ಹೋಗದಿರುವುದು ಜನರ ರೂಢಿ. ಗಾಯವಾದಾಗ, ಹಾನಿ ದೊಡ್ಡದಾದಾಗ, ಮಾತು ಒಂದಾಗದಿದ್ದಾಗ ಆ ರೂಢಿ ನಡೆಯದು. ಗಾಯಗೊಂಡವನಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುವ ಹಕ್ಕಿದೆ. ಅರ್ಜಿಗೆ ಕಾಯ್ದೆ ಆರು ತಿಂಗಳ ಅವಧಿ ಇಟ್ಟಿದೆ. ಎರಡು ಸಾವಿರ ಕೊಟ್ಟು, ಖಾಲಿ ಕಾಗದದ ಮೇಲೆ ಸಹಿ ಮಾಡಿಸಿಕೊಂಡು ಆ ಹಕ್ಕನ್ನು ಮುಚ್ಚಿಹಾಕುವುದು ರಾಜಿಯಲ್ಲ, ಜುಲುಮೆ.

ಕೆಲವರು ರಾಜಿಗೆ ಅವಸರ ಪಡುವುದಕ್ಕೆ ಕಾರಣವೇ ಬೇರೆ. ಗಾಡಿಗೆ ವಿಮೆಯೇ ಇರುವುದಿಲ್ಲ, ಅಥವಾ ಓಡಿಸುತ್ತಿದ್ದವನು ಹದಿನೈದು ವರ್ಷದ ಮಗ. ಥರ್ಡ್ ಪಾರ್ಟಿ ವಿಮೆ ಕಾನೂನಿನಲ್ಲಿ ಕಡ್ಡಾಯ. ಇಲ್ಲದಿದ್ದರೆ ಮೊದಲ ಸಲ ಎರಡು ಸಾವಿರ ರೂಪಾಯಿ ದಂಡ, ಜೈಲು ಕೂಡ ಆಗಬಹುದು. ಅಪ್ರಾಪ್ತ ಹುಡುಗನ ಕೈಗೆ ಗಾಡಿ ಕೊಟ್ಟು ಆತ ಅಪರಾಧ ಎಸಗಿದರೆ 2019ರ ತಿದ್ದುಪಡಿಯಂತೆ ತಂದೆಗೆ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಿಮೆಯ ಬಗ್ಗೆ ವಿದ್ವಾಂಸರ ನಡುವೆ ಚರ್ಚೆ ಇರುವುದು ನಿಮಗೆ ಗೊತ್ತು. ಆದರೆ ಆ ಚರ್ಚೆಯ ನೆಪ ಹೇಳಿ ಕಾನೂನು ಕಡ್ಡಾಯ ಮಾಡಿದ ವಿಮೆಯನ್ನು ತಪ್ಪಿಸಬೇಡಿ. ಅದು ನಮ್ಮಿಂದ ಪೆಟ್ಟು ತಿನ್ನುವ ಇನ್ನೊಬ್ಬರ ರಕ್ಷಣೆಗೆ ಇರುವುದು. ಬೈಕು ಕೊಡಿಸುವ ತಂದೆ ಇದನ್ನು ಯೋಚಿಸಲಿ.

ಕೊನೆಯದಾಗಿ ಒಂದು ಸುಳ್ಳಿನ ಬಗ್ಗೆ. ಎದುರಿನವನಿಂದ ದುರಸ್ತಿಯ ಹಣ ಪಡೆದು, ಮನೆಗೆ ಬಂದು "ಕಾರು ಕಂಬಕ್ಕೆ ತಗುಲಿತು" ಎಂದು ಬರೆದು ಕಂಪನಿಯಿಂದಲೂ ಹಣ ಪಡೆಯುವವರಿದ್ದಾರೆ. ಕಂಪನಿ ದೊಡ್ಡದು, ನಷ್ಟವೇನು ಎನ್ನುತ್ತಾರೆ. ಒಂದೇ ಹಾನಿಗೆ ಎರಡು ಬೆಲೆ ಪಡೆಯುವುದು ಮೋಸ, ಯಾರಿಂದ ಪಡೆದರೂ ಮೋಸವೇ. ಮುಂದೆ ಕ್ಲೇಮು ಮಾಡುವ ಯೋಚನೆ ಇದ್ದರೆ ರಸ್ತೆಯಲ್ಲಿ ಹಣದ ಮಾತು ಕೊಡುವ ಮೊದಲೇ ಕಂಪನಿಗೆ ತಿಳಿಸಿ. ಅದರ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಹಣ ಕೊಡುತ್ತೇನೆಂದು ಹೇಳಬಾರದು ಎಂಬ ಷರತ್ತು ಪಾಲಿಸಿಯಲ್ಲೇ ಇರುತ್ತದೆ. ಹಾಗೆಂದು ಸುಳ್ಳು ಹೇಳಿರೆಂದಲ್ಲ. ನಡೆದದ್ದನ್ನು ನಡೆದಂತೆ ಹೇಳಿ.

ಸಹೋದರರೇ, ನಿಜವಾದ ದಿವಾಳಿ ಯಾರೆಂದು ಪ್ರವಾದಿ(ಸ)ರು ಸಂಗಾತಿಗಳಿಗೆ ವಿವರಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ನಮಾಝ್, ಉಪವಾಸ, ಝಕಾತ್ ಎಲ್ಲವನ್ನೂ ಹೊತ್ತು ಬಂದವನು, ಆದರೆ ಒಬ್ಬನನ್ನು ಬೈದು, ಒಬ್ಬನನ್ನು ಹೊಡೆದು, ಒಬ್ಬನ ಸೊತ್ತು ತಿಂದು ಬಂದವನು. ಅಂದು ಅವನ ಪುಣ್ಯಗಳನ್ನೇ ಅವರಿಗೆ ಹಂಚಲಾಗುತ್ತದೆ. ಆ ದಿನ ಜೇಬಿನಲ್ಲಿ ಐದು ನೂರರ ನೋಟು ಇರುವುದಿಲ್ಲ. ಆದ್ದರಿಂದ ಇಂದೇ, ಇಲ್ಲೇ ತೀರಿಸಿಕೊಳ್ಳೋಣ.

ಹಾನಿಯಾದವರಿಗೂ ಒಂದು ಮಾತು. ಕ್ಷಮಿಸುವ ಶಕ್ತಿ ಇದ್ದರೆ ಕ್ಷಮಿಸಿ. ಅದಕ್ಕೆ ಅಲ್ಲಾಹನ ಬಳಿ ಪ್ರತಿಫಲವಿದೆ. ಆದರೆ ಕ್ಷಮೆ ನೀವು ಕೊಡುವ ದಾನ, ತಪ್ಪು ಮಾಡಿದವನು ಬಲವಂತದಿಂದ ಕೇಳುವ ಬಾಕಿಯಲ್ಲ.

ಆ ಸಹೋದರರಿಗೆ ನಾನು ಹೇಳಿದ್ದು ಇಷ್ಟೇ: "ಆತನನ್ನು ಹುಡುಕಿರಿ." ಅವರು ಮೂರು ದಿನ ಮುಂಜಾನೆ ಡೇರಿಗಳ ಮುಂದೆ ನಿಂತರು. ಮೂರನೆಯ ದಿನ ಆತ ಸೈಕಲ್ ಮೇಲೆ ಹಾಲು ತಂದ. ಬೈಕು ಗ್ಯಾರೇಜಿನಲ್ಲಿತ್ತು, ಫೋರ್ಕ್ ಬಾಗಿತ್ತು. ಇವರು ಗ್ಯಾರೇಜಿಗೆ ಹೋಗಿ ಉಳಿದ ಹಣ ಕೊಟ್ಟರು, ಚೆಲ್ಲಿದ ಹಾಲಿನ ಬೆಲೆಯನ್ನೂ ಕೊಟ್ಟರು. "ನೀವು ಬರ್ತೀರಿ ಅಂತ ಅನ್ಕೊಂಡಿರಲಿಲ್ರಿ ಕಾಕಾ" ಎಂದನಂತೆ ಆತ. ಆ ಸಹೋದರರು ಮರಳಿ ಬಂದು ನನಗೆ ಹೇಳಿದರು: "ಈಗ ಮುಗೀತ್ರಿ."

ಇನ್ನೊಬ್ಬರ ಹಕ್ಕನ್ನು ಹೆಗಲ ಮೇಲೆ ಹೊತ್ತು ನಿನ್ನ ಮುಂದೆ ನಿಲ್ಲುವ ಸ್ಥಿತಿಯಿಂದ ನಮ್ಮನ್ನು ಕಾಪಾಡು ಅಲ್ಲಾಹನೇ. ನಮ್ಮ ರಸ್ತೆಗಳಲ್ಲಿ ಓಡಾಡುವ ಎಲ್ಲರನ್ನೂ ಸುರಕ್ಷಿತವಾಗಿ ಮನೆ ಸೇರಿಸು. ಆಮೀನ್.