ಬೀದಿಗೆ ಮುಖಕೊಡುವ ಕಟ್ಟಡ



ನಗರವನ್ನು ಹೇಗೆ ಕಟ್ಟಬೇಕೆಂಬ ವಿಚಾರವನ್ನು ಭೂಪಟಗಳ ಮೂಲಕವೂ ಮಾದರಿಗಳ ಮೂಲಕವೂ ಸಾಮಾನ್ಯ ಜನರ ಮುಂದಿಡುವ ಪದ್ಧತಿಗೆ ನಮ್ಮ ದೇಶದಲ್ಲಿ ನೂರು ವರ್ಷಕ್ಕೂ ಮೀರಿದ ಚರಿತ್ರೆಯುಂಟು. ಸಸ್ಯಶಾಸ್ತ್ರದ ವ್ಯಾಸಂಗದಿಂದ ನಗರಶಾಸ್ತ್ರಕ್ಕೆ ಬಂದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ವಿದ್ವಾಂಸರು, ತಾವು ಬಹುಕಾಲ ಸಂಗ್ರಹಿಸಿದ್ದ ನಗರಚಿತ್ರಗಳನ್ನೆಲ್ಲ 1914ರಲ್ಲಿ ಕ್ಲಾನ್ ಗ್ರಾಂಟ್ ಎಂಬ ಹಡಗಿಗೆ ತುಂಬಿಸಿ ಭಾರತಕ್ಕೆ ಕಳುಹಿಸಿದರು. ಮದರಾಸಿನ ಮೇಲೆ ಗುಂಡು ಹಾರಿಸಿ ಹೆಸರಾಗಿದ್ದ ಎಂಡನ್ ಎಂಬ ಜರ್ಮನ್ ಯುದ್ಧನೌಕೆ ಆ ಹಡಗನ್ನು ನಡುಸಮುದ್ರದಲ್ಲಿ ಮುಳುಗಿಸಿತು. ಅಷ್ಟಕ್ಕೆ ಅವರು ಧೈರ್ಯಗುಂದಲಿಲ್ಲ. ಮಿತ್ರರು ಹೊಸದಾಗಿ ಕೂಡಿಸಿ ಕಳುಹಿಸಿದ ಸಾಮಗ್ರಿಯಿಂದ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆದೇ ನಡೆಯಿತು. ತರುವಾಯ ಮದರಾಸು ಪ್ರಾಂತದ ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಅವರು ಬರೆದ ವರದಿಗಳಲ್ಲಿ ಅಂದು ಆ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಬಂದಿತು. ಹಳೆಯ ಬಡಾವಣೆಗಳ ಎದೆಯನ್ನು ಸೀಳಿ ನೇರವಾದ ಅಗಲ ರಸ್ತೆಗಳನ್ನು ತೆಗೆಯುವುದೇ ಸುಧಾರಣೆಯೆಂದು ಎಂಜಿನಿಯರುಗಳು ನಂಬಿದ್ದ ಆ ಕಾಲದಲ್ಲಿ, ಒಂದು ಶಿಥಿಲವಾದ ಮನೆಯನ್ನು ತೆಗೆದು ಅಲ್ಲೊಂದು ಮರ ನೆಟ್ಟರೆ, ಒಂದು ಬಾವಿಕಟ್ಟೆಯನ್ನು ದುರಸ್ತಿ ಮಾಡಿದರೆ, ಸಾವಿರ ಸಂಸಾರಗಳನ್ನು ಒಕ್ಕಲೆಬ್ಬಿಸದೆಯೇ ಕೇರಿಯು ಆರೋಗ್ಯವನ್ನು ಪಡೆಯಬಲ್ಲುದೆಂದು ವಾದಿಸಿದವರು ಅವರು.

ಇಂದೂರಿನಲ್ಲಿ ಅವರು ನಡೆಸಿದ ದೀಪಾವಳಿಯ ವೃತ್ತಾಂತವನ್ನು ಅವರ ಚರಿತ್ರಕಾರರು ವಿಸ್ತಾರವಾಗಿ ಬರೆದಿದ್ದಾರೆ. ಹಬ್ಬದ ಮೆರವಣಿಗೆಯು ಎಂದಿನ ರಾಜಮಾರ್ಗವನ್ನು ಬಿಟ್ಟು, ಯಾವ ಕೇರಿಯವರು ತಮ್ಮ ಮನೆಯಂಗಳಗಳನ್ನು ಹೆಚ್ಚು ಶುದ್ಧಗೊಳಿಸಿ ದುರಸ್ತಿ ಮಾಡಿಕೊಂಡಿರುವರೋ ಆ ಕೇರಿಯ ಮೂಲಕ ಸಾಗುವುದೆಂದು ಡಂಗುರ ಹೊಡೆಸಿದರಂತೆ. ಊರಿಗೆ ಊರೇ ಪೊರಕೆ ಹಿಡಿದು ನಿಂತಿತು. ಮೆರವಣಿಗೆಯ ಕೊನೆಯಲ್ಲಿ ಕೊಳಕಿನ ರಾಕ್ಷಸನನ್ನೂ ಪ್ಲೇಗಿನ ಇಲಿಯನ್ನೂ ಸುಟ್ಟರು. ನಗರವಿನ್ಯಾಸದ ನಿಯಮವು ಕಚೇರಿಯ ಕಡತದಿಂದ ಇಳಿದು ಬಂದು ಜನರ ಹಬ್ಬದ ಭಾಗವಾದಾಗ ಮಾತ್ರವೇ ಅದಕ್ಕೆ ಬಲ ಬರುವುದೆಂಬ ಆ ನಂಬಿಕೆಯಿಂದಲೇ ನಾನು ಈ ಹೊತ್ತು ಇಲ್ಲಿ ಮಾತನಾಡುವ ಗೌರವವನ್ನು ಒಪ್ಪಿಕೊಂಡೆ.

ಈ ಪ್ರದರ್ಶನ ಮಂಟಪದ ಗೋಡೆಗಳ ಮೇಲೆ ವಾಸ್ತುವಿದ್ಯಾರ್ಥಿಗಳು ತೂಗುಹಾಕಿರುವುದು ವಾಸ, ವ್ಯಾಪಾರ, ಉದ್ಯೋಗ, ವಿಹಾರಗಳು ಒಂದೇ ನೆಲೆಯಲ್ಲಿ ಕೂಡಿ ಬಾಳುವ ಮಿಶ್ರಬಳಕೆಯ ಬಡಾವಣೆಯೊಂದರ ವಿನ್ಯಾಸಸೂತ್ರಗಳು. ಇಂಥ ಬಡಾವಣೆಯನ್ನು ಹೊಸ ಆವಿಷ್ಕಾರವೆಂಬಂತೆ ಈಚೆಗೆ ಹೊಗಳುವವರುಂಟು. ವಾಸ್ತವವಾಗಿ ಹೊಸತಾಗಿ ಬಂದದ್ದು ಬೇರ್ಪಡಿಕೆ. ಚರ್ಮ ಹದಮಾಡುವ ಕಾರ್ಖಾನೆಯನ್ನೂ ಹೊಗೆಯುಗುಳುವ ಗಿರಣಿಯನ್ನೂ ಮಕ್ಕಳು ಮಲಗುವ ಮನೆಯಿಂದ ದೂರವಿಡಬೇಕೆಂಬ ನ್ಯಾಯವಾದ ಉದ್ದೇಶದಿಂದ ಹುಟ್ಟಿದ ವಲಯ ವಿಂಗಡಣೆಯು, 1933ರಲ್ಲಿ ಆಧುನಿಕ ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಸಮ್ಮೇಳನವು ವಾಸ, ಉದ್ಯೋಗ, ವಿನೋದ, ಸಂಚಾರ ಎಂಬ ನಾಲ್ಕು ಧರ್ಮಗಳನ್ನು ವಿಂಗಡಿಸಿದ ಮೇಲೆ ಒಂದು ಸಿದ್ಧಾಂತವೇ ಆಗಿ ಲೋಕವನ್ನು ವ್ಯಾಪಿಸಿತು. ಅದರ ಫಲವಾಗಿ ಹಾಲಿನ ಅಂಗಡಿಗೂ ವಾಹನವನ್ನೇರಿ ಹೋಗಬೇಕಾದ ಬಡಾವಣೆಗಳೂ, ಸಂಜೆ ಏಳಕ್ಕೆ ನಿರ್ಜನವಾಗುವ ಕಚೇರಿಯ ಪ್ರದೇಶಗಳೂ ಹಲವು ದೇಶಗಳಲ್ಲಿ ಎದ್ದವು. ಅಮೆರಿಕದ ಜೇನ್ ಜೇಕಬ್ಸ್ ಎಂಬ ಮಹಿಳೆ 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಿದ್ಧಾಂತವನ್ನು ಪ್ರಶ್ನಿಸಿದಾಗ, ಅಂಗಡಿಯವನ, ದಾರಿಹೋಕನ, ಮೇಲುಮಹಡಿಯ ಕಿಟಕಿಯಲ್ಲಿ ನಿಂತ ಅಜ್ಜಿಯ ಕಣ್ಣುಗಳೇ ಬೀದಿಯ ಕಾವಲೆಂಬ ಆಕೆಯ ಮಾತು ನಮ್ಮ ಬೆಂಗಳೂರು ಪೇಟೆಯವರಿಗೆ ದಿನನಿತ್ಯದ ಅನುಭವವಾಗಿತ್ತು.

ಕೆಂಪೇಗೌಡರು 1537ರಲ್ಲಿ ನೆಲೆಗೊಳಿಸಿದರೆಂದು ನಾವು ನಂಬಿರುವ ಆ ಪೇಟೆಯನ್ನು ಇಂದೂ ಹೋಗಿ ನೋಡಬಹುದು. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ, ನಗರ್ತಪೇಟೆ ಎಂದು ಕಸುಬಿನಿಂದಲೂ ಸಮುದಾಯದಿಂದಲೂ ಹೆಸರು ಪಡೆದ ಆ ಬೀದಿಗಳಲ್ಲಿ ಉಳಿದಿರುವ ಹಳೆಯ ಮನೆಯೊಂದರ ಮುಂದೆ ನಿಂತರೆ, ನಗರವಿನ್ಯಾಸದ ಅರ್ಧ ಪಾಠ ಕಣ್ಣೆದುರಿಗೇ ಇರುತ್ತದೆ. ಮನೆಯ ಮೈ ನೇರವಾಗಿ ಬೀದಿಯ ಅಂಚಿಗೆ ಬಂದು ನಿಂತಿರುತ್ತದೆ. ನಡುವೆ ಆವರಣದ ಗೋಡೆಯಿಲ್ಲ. ಹತ್ತು ಹನ್ನೆರಡು ಅಡಿಯ ಮುಂಭಾಗದಲ್ಲಿ ಕಲ್ಲಿನ ಜಗಲಿ, ಜಗಲಿಯ ಹಿಂದೆ ಅಂಗಡಿ. ಅಂಗಡಿಯನ್ನು ಮುಚ್ಚುವುದಕ್ಕೆ ಒಂದರ ಪಕ್ಕಕ್ಕೊಂದು ತೋಡಿನಲ್ಲಿ ಜಾರಿಸಿ ನಿಲ್ಲಿಸುವ ಮರದ ಹಲಗೆಗಳು. ಪಕ್ಕದ ಕಿರುಬಾಗಿಲಿನಿಂದ ಒಳಹೊಕ್ಕರೆ ಓಣಿಯಂತಹ ನಡವೆ, ಆಮೇಲೆ ಬೆಳಕು ಬೀಳುವ ತೊಟ್ಟಿ, ಆಚೆ ಅಡಿಗೆಮನೆ. ಕಡಿದಾದ ಮೆಟ್ಟಿಲೇರಿದರೆ ಮಹಡಿಯ ಮೇಲೆ ಸಂಸಾರ. ಕಬ್ಬನ್‌ಪೇಟೆಯ ನೇಯ್ಗೆಯವರ ಮನೆಗಳಲ್ಲಿ ಅಂಗಡಿಯ ಸ್ಥಾನದಲ್ಲಿ ಮಗ್ಗವಿರುತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ದಾರಿಹೋಕನಿಗೆ ಜಗಲಿಯು ಕುಳಿತುಕೊಳ್ಳುವ ಸ್ಥಳ, ಸಂಜೆ ಮನೆಯ ಹಿರಿಯರಿಗೆ ಮಾತಿನ ಕಟ್ಟೆ, ಬೆಳಗ್ಗೆ ಗಿರಾಕಿಗೆ ಬಟ್ಟೆಯನ್ನು ಬಿಚ್ಚಿ ತೋರಿಸುವ ಹಾಸು. ಮೂರು ಅಡಿ ಅಗಲದ ಆ ಕಲ್ಲಿನ ಮೇಲೆ ಮನೆಯೂ ಬೀದಿಯೂ ಕೈಹಿಡಿದುಕೊಂಡಿದ್ದುವು.

ಆ ಪೇಟೆಯನ್ನು ನಾನು ಆದರ್ಶವೆಂದು ಹೇಳಲಾರೆ. ಗಾಳಿ ಬೆಳಕುಗಳು ಅಲ್ಲಿ ದುರ್ಲಭವಾಗಿದ್ದುವು. ಚರಂಡಿಯು ಬಾಗಿಲಲ್ಲೇ ಹರಿಯುತ್ತಿತ್ತು. ಯಾರು ಯಾವ ಬೀದಿಯಲ್ಲಿ ಇರಬೇಕೆಂಬುದನ್ನು ಬಹುಮಟ್ಟಿಗೆ ಹುಟ್ಟೇ ನಿರ್ಣಯಿಸುತ್ತಿತ್ತು. 1898ರಲ್ಲಿ ಪ್ಲೇಗುಮಾರಿ ಬಂದಾಗ ಆ ಇಕ್ಕಟ್ಟಿನ ಮನೆಗಳೇ ಮೃತ್ಯುವಿಗೆ ಆಶ್ರಯವಾದುವು. ಮೈಸೂರು ಸರ್ಕಾರವು ಮೊದಲೇ ಯೋಜಿಸಿದ್ದ ಬಸವನಗುಡಿ, ಮಲ್ಲೇಶ್ವರಗಳ ನಿರ್ಮಾಣಕ್ಕೆ ಆ ಸಂಕಟದಿಂದ ವೇಗ ಬಂದಿತು. ಅಗಲವಾದ ಬೀದಿ, ಉದ್ಯಾನ, ಪ್ರತಿ ಮನೆಗೂ ಗಾಳಿಯಾಡುವ ಬಯಲು, ಹಿತ್ತಲ ಹಿಂದೆ ಕಸವನ್ನು ಸಾಗಿಸುವ ಕನ್ಸರ್ವೆನ್ಸಿ ಓಣಿ, ಇವೆಲ್ಲ ಅಲ್ಲಿ ನಕ್ಷೆಯಲ್ಲಿಯೇ ಇದ್ದುವು. ಆದರೂ ಆ ಬಡಾವಣೆಗಳು ಬರಿಯ ವಾಸಸ್ಥಾನಗಳಾಗಿ ಉಳಿಯಲಿಲ್ಲವೆಂಬುದು ಗಮನಾರ್ಹ. ಬಸವನಗುಡಿಯ ಗಾಂಧಿಬಜಾರಿನಲ್ಲಿ ಹೂವಿನವರು ಬುಟ್ಟಿಯಿಳಿಸಿದರು, 1943ರಲ್ಲಿ ವಿದ್ಯಾರ್ಥಿ ಭವನದ ದೋಸೆಯ ಕಾವಲಿ ಕಾಯಿತು, ಪುಸ್ತಕದಂಗಡಿ, ಗ್ರಂಥಿಗೆಯಂಗಡಿಗಳು ಬಂದುವು; ಎರಡು ಅಡ್ಡರಸ್ತೆಗಳಾಚೆ ಮಾತ್ರ ಓದುವ ಹುಡುಗನಿಗೆ ಬೇಕಾದ ನಿಶ್ಶಬ್ದವೂ ಉಳಿಯಿತು. ಪೇಟೆಯ ಸಾಮೀಪ್ಯವೂ ಹೊಸ ಬಡಾವಣೆಯ ಆರೋಗ್ಯವೂ ಒಂದೆಡೆ ಕೂಡಿದ ಆ ಹದವೇ ಇಂದಿನ ನಮ್ಮ ಮಾರ್ಗಸೂಚಿಗಳು ಅರಸಬೇಕಾದ ಹದವೆಂದು ನನ್ನ ದೃಢವಾದ ಅಭಿಪ್ರಾಯ.

ಈಚಿನ ದಶಕಗಳಲ್ಲಿ ಮಿಶ್ರಬಳಕೆಯು ಬೆಂಗಳೂರಿಗೆ ಮಾರ್ಗಸೂಚಿಯಿಲ್ಲದೆ ಬಂದಿತು. ಇಂದಿರಾನಗರದಲ್ಲಿ, ಕೋರಮಂಗಲದಲ್ಲಿ, ನಿವೃತ್ತಿಯ ಕಾಲಕ್ಕೆಂದು ಕಟ್ಟಿಸಿಕೊಂಡ ಮನೆಯ ಪಕ್ಕದಲ್ಲೇ ಮಧ್ಯರಾತ್ರಿಯವರೆಗೆ ವಾದ್ಯ ಬಾರಿಸುವ ಪಾನಗೃಹ ತೆರೆದಾಗ, ಗೇಟಿನ ಮುಂದೆ ಪರಕೀಯರ ವಾಹನಗಳು ಸಾಲುಗಟ್ಟಿದಾಗ, ಅಲ್ಲಿಯ ನಿವಾಸಿಗಳು ನೊಂದುಕೊಂಡು ಪ್ರತಿಭಟಿಸಿದ್ದು ಕೇವಲ ಸ್ವಾರ್ಥದಿಂದಲ್ಲ. ಅವರ ಅಳಲು ನ್ಯಾಯವಾದದ್ದು. ಆದರೆ ಆ ಅಳಲಿಗೆ ಪರಿಹಾರವು ಅಂಗಡಿಗಳನ್ನೆಲ್ಲ ಓಡಿಸುವುದರಲ್ಲಿ ಇಲ್ಲ. ಕಟ್ಟಡದ ಒಳಗೆ ಏನು ನಡೆಯಬಹುದೆಂಬುದನ್ನಷ್ಟೇ ಬಣ್ಣಬಣ್ಣದ ನಕ್ಷೆಯಲ್ಲಿ ಗುರುತಿಸಿ, ಆ ಕಟ್ಟಡವು ಬೀದಿಯನ್ನು ಹೇಗೆ ಸಂಧಿಸಬೇಕು, ಎಷ್ಟು ಹೊತ್ತಿನವರೆಗೆ ಎಷ್ಟು ಸದ್ದು ಮಾಡಬಹುದು, ಸರಕಿನ ಲಾರಿ ಎಲ್ಲಿ ನಿಲ್ಲಬೇಕು ಎಂಬುದನ್ನು ಹೇಳದೆ ಬಿಟ್ಟದ್ದೇ ಮೂಲದೋಷ. ಔಷಧದಂಗಡಿಗೂ ಪಾನಗೃಹಕ್ಕೂ ನಕ್ಷೆಯಲ್ಲಿ ಒಂದೇ ಬಣ್ಣವಿದ್ದರೆ, ನೆರೆಯವನ ನಿದ್ರೆಗೆ ರಕ್ಷಣೆ ಎಲ್ಲಿಂದ ಬಂದೀತು?

ಆದುದರಿಂದ ಈ ಪ್ರದರ್ಶನದ ಚಿತ್ರಗಳಲ್ಲಿ ಗಗನಚುಂಬಿಗಳ ಶಿಖರವನ್ನು ನೋಡುವುದಕ್ಕೆ ಮುಂಚೆ ಅವುಗಳ ಪಾದವನ್ನು ನೋಡಿರೆಂದು ನಾನು ಪ್ರಾರ್ಥಿಸುತ್ತೇನೆ. ನೆಲದಿಂದ ಇಪ್ಪತ್ತಡಿಯ ಎತ್ತರದವರೆಗೆ ಕಟ್ಟಡವು ಹೇಗೆ ನಡೆದುಕೊಳ್ಳುತ್ತದೆಂಬುದರ ಮೇಲೆ ಬೀದಿಯ ಬಾಳುವೆ ನಿಂತಿದೆ. ಮನುಷ್ಯನು ಸಾಮಾನ್ಯವಾದ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 80 ಮೀಟರು ನಡೆಯುತ್ತಾನೆ. ಇನ್ನೂರು ಮೀಟರು ಉದ್ದದ ಕುರುಡುಗೋಡೆಯೊಂದರ ಪಕ್ಕದಲ್ಲಿ ಅವನು ಎರಡೂವರೆ ನಿಮಿಷ ಬಾಗಿಲನ್ನಾಗಲಿ ಮನುಷ್ಯರ ಮುಖವನ್ನಾಗಲಿ ಕಾಣದೆ ಹೋಗಬೇಕು. ರಾತ್ರಿ ಎಂಟು ಗಂಟೆಗೆ ಕೆಲಸದಿಂದ ಹಿಂದಿರುಗುವ ಹೆಣ್ಣುಮಗಳಿಗೆ ಆ ಎರಡೂವರೆ ನಿಮಿಷವು ಎಷ್ಟು ದೀರ್ಘವೆಂಬುದನ್ನು ಯಾವ ಅಳತೆಗೋಲೂ ಹೇಳಲಾರದು. ಅದೇ ಉದ್ದದಲ್ಲಿ ಹತ್ತು ಮೀಟರಿಗೊಂದು ಬಾಗಿಲಿದ್ದರೆ ಇಪ್ಪತ್ತು ಬಾಗಿಲುಗಳಾದುವು. ಮುಖ್ಯಬೀದಿಯ ಕಡೆಗೆ ಆವರಣದ ಗೋಡೆಯನ್ನು ನಿಷೇಧಿಸುವ ಸೂತ್ರವೊಂದನ್ನು ವಿದ್ಯಾರ್ಥಿಗಳು ಇಲ್ಲಿ ಬರೆದಿದ್ದಾರೆ. ಅದು ಅತ್ಯಂತ ಯೋಗ್ಯವಾದ ಸೂತ್ರ.

ನಮ್ಮ ಉಪವಿಧಿಗಳು ಸಾಮಾನ್ಯವಾಗಿ ನಿವೇಶನದ ನಾಲ್ಕು ಮಗ್ಗುಲಲ್ಲೂ ಬಯಲು ಬಿಡಬೇಕೆಂದು ವಿಧಿಸುತ್ತವೆ. ವಾಸದ ಬೀದಿಯಲ್ಲಿ ಅದು ಸರಿ. ಅಂಗಡಿಬೀದಿಯಲ್ಲಾದರೋ ಮುಂಭಾಗದ ಆ ಬಯಲು ಗಿಡಕ್ಕೂ ಒದಗದೆ ನಡೆಯುವವನಿಗೂ ಒದಗದೆ ವಾಹನಗಳ ತಂಗುದಾಣವಾಗುತ್ತದೆ. ಒಳಹೋಗುವ ಪ್ರತಿ ಕಾರೂ ಕಾಲುದಾರಿಯನ್ನು ಕತ್ತರಿಸುತ್ತದೆ. ಕಟ್ಟಡವು ಬೀದಿಯಿಂದ ಇಷ್ಟು ಹಿಂದೆ ಸರಿಯಲಿ ಎಂದು ಹೇಳುವುದಕ್ಕೆ ಬದಲಾಗಿ ಈ ಗೆರೆಯವರೆಗೆ ಬಂದು ನಿಲ್ಲಲಿ ಎಂದು ಹೇಳುವುದೂ, ಕೆಳಮಹಡಿಯ ಮುಂದೆ ಮಳೆ ಬಿಸಿಲುಗಳಿಗೆ ಮರೆಯಾಗುವ ಮೊಗಸಾಲೆಯನ್ನು ಕಡ್ಡಾಯಗೊಳಿಸುವುದೂ, ವಾಹನಗಳ ಪ್ರವೇಶವನ್ನು ಹಿಂದಿನ ಓಣಿಗೆ ತಿರುಗಿಸುವುದೂ ಮಾರ್ಗಸೂಚಿಯ ಕೆಲಸ. ಆ ಮೂರನೆಯದನ್ನು ಮಾಡಲು ನಮ್ಮ ಹಿರಿಯರು ಬಿಟ್ಟುಹೋದ ಕನ್ಸರ್ವೆನ್ಸಿ ಓಣಿಗಳು ಎಷ್ಟು ಉಪಯುಕ್ತವಾಗುತ್ತಿದ್ದುವು! ಬಹುಪಾಲನ್ನು ಒತ್ತುವರಿಗೆ ಕಳೆದುಕೊಂಡಿದ್ದೇವೆ, ಉಳಿದುವನ್ನಾದರೂ ಉಳಿಸಿಕೊಳ್ಳಬೇಕು.

ಕಾಲುದಾರಿಯ ವಿಷಯದಲ್ಲಿ ಅಜ್ಞಾನದ ನೆಪ ಹೇಳುವಂತಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿಯು, ನಡೆಯುವುದಕ್ಕೆ ಅಡೆತಡೆಯಿಲ್ಲದ 1.8 ಮೀಟರು ಅಗಲವಾದರೂ ಇರಬೇಕೆಂದೂ ಅಂಗಡಿಬೀದಿಗಳಲ್ಲಿ ಅದಕ್ಕಿಂತ ಹೆಚ್ಚಿರಬೇಕೆಂದೂ ಹೇಳಿದೆ. ಟ್ರಾನ್ಸ್‌ಫಾರ್ಮರ್, ಕಂಬ, ಮರ, ಬೆಂಚುಗಳು ಆ ಅಗಲದ ಹೊರಗಿನ ಪಟ್ಟಿಯಲ್ಲಿರಬೇಕು. ಚರ್ಚ್ ಸ್ಟ್ರೀಟನ್ನು 2018ರಲ್ಲಿ ಹೊಸದಾಗಿ ಹಾಸಿ ಜನರಿಗೆ ಒಪ್ಪಿಸಿದಾಗ, ನಡೆಯುವುದಕ್ಕೆ ಸ್ಥಳ ಕೊಟ್ಟರೆ ಈ ನಗರದವರು ನಡೆದೇ ನಡೆಯುತ್ತಾರೆಂಬುದು ಪ್ರತ್ಯಕ್ಷವಾಯಿತು. ನೆರಳಿನ ಮಾತೂ ಹಾಗೆಯೇ. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರ ನೇತೃತ್ವದಲ್ಲಿ ಬೀದಿಬೀದಿಗೆ ನೆಟ್ಟ ಸಸಿಗಳೇ ಇಂದು ನಮ್ಮ ತಲೆಯ ಮೇಲೆ ಚಪ್ಪರ ಹಿಡಿದಿವೆ. ಮರಕ್ಕೆ ಬೇರೂರಲು ಮಣ್ಣು ಬಿಡದ ವಿನ್ಯಾಸವು ಎಷ್ಟೇ ಸುಂದರವಾಗಿರಲಿ, ಅದನ್ನು ತಿರಸ್ಕರಿಸಬೇಕು.

ಇನ್ನು ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಿಶ್ರಬಳಕೆಯೆಂದರೆ ಉಳ್ಳವರ ಮನೆ, ಉಳ್ಳವರ ಕಚೇರಿ, ಉಳ್ಳವರ ಮಳಿಗೆಗಳು ಕೂಡಿದ್ದಷ್ಟೇ ಆದರೆ ಅದನ್ನು ನಗರವೆಂದು ಕರೆಯಲಾಗದು. ಮೆಟ್ರೋ ನಿಲ್ದಾಣದಿಂದ ನಡೆದು ತಲಪಬಹುದಾದ 500ರಿಂದ 800 ಮೀಟರಿನೊಳಗೆ ಹೆಚ್ಚು ಜನ ವಾಸಿಸುವಂತಾಗಬೇಕೆಂದು 2017ರ ರಾಷ್ಟ್ರೀಯ ನೀತಿ ಹೇಳುತ್ತದೆ. ಆ ಜನರಲ್ಲಿ ಮನೆಗೆಲಸದವಳೂ, ಕಾವಲುಗಾರನೂ, ದರ್ಜಿಯೂ ಇರದಿದ್ದರೆ, ಅವರು ಇಪ್ಪತ್ತು ಮೈಲಿಯಾಚೆಯಿಂದ ಎರಡು ಬಸ್ಸು ಬದಲಿಸಿ ಬರಬೇಕಾಗುತ್ತದೆ. ಬೀದಿವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ 2014ರ ಕಾಯಿದೆಯು ವ್ಯಾಪಾರ ಸಮಿತಿಯಲ್ಲಿ ಅವರ ಪ್ರತಿನಿಧಿಗಳಿಗೆ ಶೇ. 40ಕ್ಕೆ ಕಡಿಮೆಯಿಲ್ಲದ ಸ್ಥಾನವನ್ನು ಕೊಟ್ಟಿದೆ. ಈ ಗೋಡೆಗಳ ಮೇಲಿನ ಚಿತ್ರಗಳಲ್ಲಿ ಹೂವಿನ ಬುಟ್ಟಿಯಿಟ್ಟುಕೊಂಡು ಕುಳಿತ ಹೆಂಗಸಿಗೆ ಸ್ಥಳವನ್ನು ಗುರುತಿಸದವು ಕೆಲವಿವೆ. ವಿದ್ಯಾರ್ಥಿಮಿತ್ರರು ದಯಮಾಡಿ ಲೇಖನಿಯನ್ನು ಮತ್ತೆ ಕೈಗೆತ್ತಿಕೊಂಡು ಆಕೆಗೊಂದು ಮರವನ್ನೂ, ಮಳೆಗೊಂದು ಮರೆಯನ್ನೂ, ನೀರಿನ ನಲ್ಲಿಯನ್ನೂ ಬರೆಯಬೇಕು.

ಬಂಧುಗಳೆ, ನಮ್ಮ ರಾಜ್ಯದ 1961ರ ನಗರ ಯೋಜನಾ ಕಾಯಿದೆಯು, ಮಹಾಯೋಜನೆಯ ಮೇಲೆ ಅಭಿಪ್ರಾಯವನ್ನು ಹೇಳುವ ಅವಕಾಶವನ್ನು ಪ್ರಜೆಗೆ ಕೊಟ್ಟಿದೆ. ಆ ಅವಕಾಶವನ್ನು ಉಪಯೋಗಿಸುವವರು ವಿರಳ. ಭೂಪಟದ ಭಾಷೆ ನಮಗೆ ತಿಳಿಯದೆಂಬ ಸಂಕೋಚವೇ ಅದಕ್ಕೆ ಮುಖ್ಯಕಾರಣ. ಆ ಭಾಷೆಯನ್ನು ಬಿಡಿಸಿ ಹೇಳಲೆಂದೇ ವಿದ್ಯಾರ್ಥಿಗಳು ಪ್ರತಿಯೊಂದು ಮಾದರಿಯ ಬಳಿ ನಿಂತಿದ್ದಾರೆ, ಬಾಗಿಲ ಬಳಿ ಕಾಗದವನ್ನೂ ಲೇಖನಿಯನ್ನೂ ಇಟ್ಟಿದ್ದಾರೆ. ನಿಮ್ಮ ಬೀದಿಯ ಯಾವ ಅಂಗಡಿ ಉಳಿಯಬೇಕು, ಯಾವ ಸದ್ದು ಎಷ್ಟು ಹೊತ್ತಿಗೆ ನಿಲ್ಲಬೇಕು, ಯಾವ ಗೋಡೆಯಲ್ಲಿ ಬಾಗಿಲು ತೆರೆಯಬೇಕು ಎಂಬುದನ್ನು ನಿಮಗೆ ತಿಳಿದ ಮಾತುಗಳಲ್ಲಿ ಬರೆದುಕೊಡಿ. ಸಂಕೋಚವಿಲ್ಲದೆ ಪ್ರಶ್ನಿಸಿ, ಒಪ್ಪದಿದ್ದನ್ನು ಒಪ್ಪುವುದಿಲ್ಲವೆಂದು ಹೇಳಿ. ಆ ಕಾಗದಗಳನ್ನೆಲ್ಲ ಓದಿ ಮಾರ್ಗಸೂಚಿಗಳನ್ನು ತಿದ್ದುವ ಹೊಣೆಯನ್ನು ಸಂಯೋಜಕರು ವಹಿಸಿಕೊಳ್ಳಬೇಕೆಂದು ಕೇಳಿಕೊಂಡು, ಈ ಪ್ರದರ್ಶನವು ಪ್ರಾರಂಭವಾಯಿತೆಂದು ಸಂತೋಷದಿಂದ ಘೋಷಿಸುತ್ತೇನೆ.