ಲೈಕ್ ಒತ್ತಿದ್ದು ಬೇಕಾದಾಗ ಸಿಗುತ್ತಾ?



ಬಾವಲಿ ದಾಟಿದ್ರೆ ಮೈಸೂರು ಜಿಲ್ಲೆ. ಆದ್ರೂ ಮಾನಂದವಾಡಿ, ಬತ್ತೇರಿ, ಪುಲ್ಪಳ್ಳಿ ಕಡೆ ನಮ್ಮಲ್ಲಿ ಹಲವರಿಗೆ ಕನ್ನಡ ಓದೋಕೆ ಸಿಗೋದು ಫೋನಿನಲ್ಲೇ. ಪಿಎಸ್‌ಸಿ ಪರೀಕ್ಷೆಯ ಹಳೆಯ ಕನ್ನಡ ಪ್ರಶ್ನೆಪತ್ರಿಕೆ, ಮಕ್ಕಳಿಗೆ ಕಾಗುಣಿತ ಕಲಿಸುವ ವಿಡಿಯೊ, ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಬಗ್ಗೆ ಹೇಳುವ ಸಂವಿಧಾನದ 350ಎ ವಿಧಿ. ಕಂಡ ಕೂಡಲೇ 'ಇರಲಿ, ಮುಂದೆ ಬೇಕಾಗುತ್ತೆ' ಅಂತ ಲೈಕ್ ಒತ್ತುತ್ತೇವೆ. ಅರ್ಜಿ ಬರೆಯೋ ದಿನ ಹುಡುಕಿದ್ರೆ ಸಿಗಲ್ಲ.

ಯಾಕಂದ್ರೆ ಲೈಕ್ ಅನ್ನೋದು ಮೊದಲು ಹಾಕಿದವರಿಗೆ ಮೆಚ್ಚುಗೆ, ಆಮೇಲೆ ನಮಗೆ ಗುರುತು. ಎಲ್ಲ ಆ್ಯಪ್‌ನಲ್ಲೂ ಅದು ಒಂದೇ ಥರ ಕೆಲಸ ಮಾಡಲ್ಲ.

ಯೂಟ್ಯೂಬ್‌ನಲ್ಲಿ ಲೈಕ್ ಒತ್ತಿದ ವಿಡಿಯೊ ತಾನಾಗೇ 'ಲೈಕ್ಡ್ ವಿಡಿಯೋಸ್' ಪಟ್ಟಿಗೆ ಸೇರುತ್ತೆ. ಫೇಸ್‌ಬುಕ್‌ನಲ್ಲಿ 2009ರಿಂದ ಲೈಕ್ ಇದೆ. ಒತ್ತಿದ್ದು 'ಆ್ಯಕ್ಟಿವಿಟಿ ಲಾಗ್' ಒಳಗೆ ಸಿಗುತ್ತೆ, ಆದ್ರೆ ಸಾವಿರ ಲೈಕ್ ನಡುವೆ ಹುಡುಕೋದು ಕಷ್ಟ. ಅದಕ್ಕೇ 2014ರಲ್ಲಿ 'ಸೇವ್' ಕೊಟ್ಟರು. ವಾಟ್ಸಾಪ್‌ನಲ್ಲಿ ಹೆಬ್ಬೆರಳು ಒತ್ತಿದ್ದಕ್ಕೆ ಪಟ್ಟಿಯೇ ಇಲ್ಲ. ಅಲ್ಲಿ ಮೆಸೇಜ್ ಒತ್ತಿ ಹಿಡಿದು ನಕ್ಷತ್ರ ಹಾಕಿ.

ಟ್ವಿಟರ್‌ನಲ್ಲೂ ಮೊದಲು ನಕ್ಷತ್ರವೇ ಇತ್ತು. ಆಮೇಲೆ ಓದೋಕೆ ಅಂತ ಎಷ್ಟೋ ಜನ ಅದನ್ನ ಒತ್ತುತ್ತಿದ್ದರು. 2015ರ ನವೆಂಬರ್‌ನಲ್ಲಿ ಅದು ಹೃದಯ ಆಯ್ತು. ಸಾವಿನ ಸುದ್ದಿಯನ್ನ ಎತ್ತಿಡೋಕೆ ಹೃದಯ ಒತ್ತೋದು ಹೇಗೆ? ಕೊನೆಗೆ 2018ರಲ್ಲಿ ಬುಕ್‌ಮಾರ್ಕ್ ಬಂತು.

ನಾನು ಬ್ಯಾಂಕಿನವನು, ನಮ್ಮ ಲೆಕ್ಕದಲ್ಲೇ ಹೇಳ್ತೀನಿ. ಟೋಕನ್ ಬೇರೆ, ಹಣ ಬೇರೆ. ಲೈಕ್ ಆಗಲಿ, ಸೇವ್ ಆಗಲಿ, ನಮ್ಮ ಕೈಯಲ್ಲಿರೋದು ಟೋಕನ್ ಮಾತ್ರ. ಹಾಕಿದವರು ವಿಡಿಯೊ ಅಳಿಸಿದ್ರೆ, ಪ್ರೈವೇಟ್ ಮಾಡಿದ್ರೆ, ನಮ್ಮ ಪಟ್ಟಿಯಿಂದ್ಲೂ ಅದು ಹೋಯ್ತು. ಊರಿನ ಅಜ್ಜಿ ಹಾಡಿದ ಸೋಬಾನೆ ಪದ ಹಾಗೆ ಹೋದ್ರೆ ಮತ್ತೆ ಎಲ್ಲಿಂದ ತರೋಣ?

ಹಾಗಾಗಿ ಮೂರು ಕೆಲಸ ಮಾಡೋಣ. ಇಷ್ಟವಾದರೆ ಲೈಕ್ ಒತ್ತೋಣ. ಕನ್ನಡದಲ್ಲಿ ಮಾಡಿ ಹಾಕೋರಿಗೆ ಅದು ಬೆನ್ನು ತಟ್ಟಿದ ಹಾಗೆ. ಮತ್ತೆ ಬೇಕು ಅನಿಸಿದ್ದನ್ನ ಸೇವ್ ಮಾಡೋಣ. ಕಳೆದುಹೋಗಬಾರದು ಅನ್ನೋದರ ಪ್ರತಿಯನ್ನೇ ಇಟ್ಟುಕೊಳ್ಳೋಣ. ಆದೇಶ ಆದ್ರೆ ಪಿಡಿಎಫ್, ಹಾಡಾದ್ರೆ ಹಾಡಿದವರನ್ನೋ ಹಾಕಿದವರನ್ನೋ ಕೇಳಿ ಫೈಲ್. ಫೈಲಿಗೆ ಕನ್ನಡದಲ್ಲೇ ಹೆಸರು, ತಾರೀಕು, ಊರು ಬರೆದು ಎರಡು ಮನೆಯಲ್ಲಿ ಇಡೋಣ.

ಇವತ್ತು ರಾತ್ರಿ ನಿಮ್ಮ ಲೈಕ್ ಪಟ್ಟಿ ಒಮ್ಮೆ ತೆರೆದು ನೋಡಿ. ಅದರಲ್ಲಿ ಐದನ್ನಾದರೂ ಎತ್ತಿಡಿ.